ಕೀಲೂ ಮಾತೂ

ಇಂಗ್ಲೀಷು ಭಾಷೆಯಲ್ಲಿ ಆರ್ಟಿಕ್ಯುಲೇಟ್ ಎಂಬದೊಂದು ಶಬ್ದವುಂಟು. ನಮ್ಮ ಶಾಲೆಯಲ್ಲಿ ಓದಿ ಈಗ ಗೃಹಿಣಿಯರೂ ದಾದಿಯರೂ ಉಪಾಧ್ಯಾಯಿನಿಯರೂ ಆಗಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇದನ್ನು ವರ್ತಮಾನ ಪತ್ರಿಕೆಗಳಲ್ಲಿಯೂ ಕೆಲಸಕ್ಕೆ ಕರೆಯುವ ಜಾಹೀರಾತುಗಳಲ್ಲಿಯೂ ಕಂಡಿರಬಹುದು. ನಿಘಂಟನ್ನು ತೆರೆದು ನೋಡಿದರೆ ಅದಕ್ಕೆ ಮುಖ್ಯವಾಗಿ ಎರಡು ಅರ್ಥಗಳು ದೊರೆಯುತ್ತವೆ: ಕೀಲುಗಳುಳ್ಳದ್ದು ಎಂಬದೊಂದು, ಮಾತುಗಳನ್ನು ಸ್ಪಷ್ಟವಾಗಿ ಆಡಬಲ್ಲದ್ದು ಎಂಬದು ಇನ್ನೊಂದು. ಮೊಣಕಾಲಿಗೂ ನಾಲಿಗೆಗೂ ಎತ್ತಣ ಸಂಬಂಧವೆಂದು ಒಂಬತ್ತನೆಯ ತರಗತಿಯ ಮಕ್ಕಳು ಪ್ರತಿ ವರ್ಷವೂ ನಮ್ಮನ್ನು ಕೇಳುತ್ತಾರೆ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಒತ್ತಾಯಪಡಿಸಿದಾಗ, ಈ ಪ್ರಶ್ನೆಗೆ ಉತ್ತರ ಬರೆಯುವದೇ ಲೇಸೆಂದು ನಮಗೆ ತೋರಿತು. ಇದು ಬರಿಯ ಶಬ್ದವಿಚಾರವೆಂದು ಪೋಷಕರು ಪುಟವನ್ನು ಮಗುಚಬಾರದೆಂದು ಬೇಡುತ್ತೇವೆ. ಈ ಒಂದು ಶಬ್ದದಿಂದ ವಡ್ಡಿನ ಒಬ್ಬ ಹುಡುಗಿಯು ಕೆಲವು ವಾರಗಳ ಕಾಲ ತರಗತಿಯಲ್ಲಿ ಬಾಯಿಯನ್ನೇ ತೆರೆಯದಂತಾದದ್ದನ್ನು ಮುಂದೆ ಹೇಳಲಿದ್ದೇವೆ.

ಮೊದಲು ಶಬ್ದದ ಹುಟ್ಟನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ಕೀಲಿಗೆ ಆರ್ಟುಸ್ ಎನ್ನುವರು. ಅದು ಚಿಕ್ಕದಾದರೆ ಆರ್ಟಿಕ್ಯುಲುಸ್, ಅಂದರೆ ಬೆರಳಿನ ಗೆಣ್ಣಿನಂಥ ಕಿರುಗೀಲು. ಇದರಿಂದಲೇ ಇಂಗ್ಲೀಷಿನ ಆರ್ಟಿಕಲ್ ಎಂಬ ಶಬ್ದವೂ ಹುಟ್ಟಿತು. ನಮ್ಮ ಹುಡುಗಿಯರು ಪರೀಕ್ಷೆಯಲ್ಲಿ ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಹಾಕುವ ಎ, ಆನ್, ದಿ ಎಂಬ ಮೂರು ಪುಟ್ಟ ಶಬ್ದಗಳಿಗೆ ಆರ್ಟಿಕಲ್‌ಗಳೆಂದು ಹೆಸರು ಬಂದುದೂ ಅವು ವಾಕ್ಯದ ಕಿರುಗೀಲುಗಳೆಂಬ ಭಾವದಿಂದಲೇ. ಗ್ರೀಕ್ ವೈಯಾಕರಣರು ಇವುಗಳನ್ನು ಆರ್ಥ್ರೊನ್ ಎಂದು ಕರೆದರು. ಆರ್ಥ್ರೊನ್ ಎಂದರೂ ಕೀಲೇ. ವಯಸ್ಸಾದವರ ಮೊಣಕಾಲನ್ನು ಹಿಡಿಯುವ ಆರ್ಥ್ರೈಟಿಸ್ ಎಂಬ ಬೇನೆಯ ಹೆಸರಿನಲ್ಲಿ ಇರುವದೂ ಅದೇ ಶಬ್ದ. ಅಜ್ಜಿಯ ಮಂಡಿನೋವೂ ಮೊಮ್ಮಗಳ ಇಂಗ್ಲೀಷು ವ್ಯಾಕರಣವೂ ಹೀಗೆ ಒಂದೇ ಮನೆತನಕ್ಕೆ ಸೇರಿದವುಗಳಾಗಿವೆ!

ಇಲ್ಲಿಯೇ ಉಚ್ಚಾರಣೆಯ ಮಾತೊಂದನ್ನು ಹೇಳಿ ಮುಂದೆ ಹೋಗುತ್ತೇವೆ. ಸ್ಪಷ್ಟವಾಗಿ ನುಡಿಯುವದೆಂಬ ಕ್ರಿಯಾಪದವಾದಾಗ ಕೊನೆಯ ಭಾಗವನ್ನು ಲೇಟ್ ಎಂದು ನೀಡಿ ಹೇಳಬೇಕು. ಸ್ಪಷ್ಟವಾಗಿ ನುಡಿಯಬಲ್ಲ ಎಂಬ ವಿಶೇಷಣವಾದಾಗ ಅದನ್ನು ಲಟ್ ಎಂಬಂತೆ ಮೊಟಕಾಗಿ ಹೇಳಬೇಕು. ಸ್ಪಷ್ಟತೆಯನ್ನು ಹೇಳುವ ಶಬ್ದವೇ ಕಲಿಯುವವರನ್ನು ಹೀಗೆ ತೊಡಕಿಗೆ ಸಿಕ್ಕಿಸುತ್ತದೆ.

ಕೀಲನ್ನೂ ಮಾತನ್ನೂ ಒಂದೇ ಶಬ್ದದಲ್ಲಿ ಕಟ್ಟಿದುದು ಪಾಶ್ಚಾತ್ಯರ ವಿಚಿತ್ರ ಬುದ್ಧಿಯೆಂದು ಯಾರಾದರೂ ತಿಳಿದಾರು. ಅಂಥವರು ನಮ್ಮ ಸಂಧಿ ಎಂಬ ಶಬ್ದವನ್ನು ನೆನೆಯಬೇಕು. ಸಂಧಿವಾತವೆಂದರೆ ಕೀಲುಬೇನೆ, ಲೋಪ, ಆಗಮ, ಆದೇಶಗಳೆಂದು ಮಕ್ಕಳು ಬಾಯಿಪಾಠ ಮಾಡುವ ಸಂಧಿಯೆಂದರೆ ಅಕ್ಷರಗಳ ಕೂಡಿಕೆ. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಪಾದ್ರಿಗಳ ದೊಡ್ಡ ನಿಘಂಟಿನಲ್ಲಿ ಈ ಎರಡು ಅರ್ಥಗಳೂ ಒಂದೇ ಶಬ್ದದ ಕೆಳಗೆ ನೆರೆಹೊರೆಯವರಂತೆ ಕುಳಿತಿವೆ. ಹೋಲಿಕೆಯು ಇಷ್ಟಕ್ಕೇ ನಿಲ್ಲುವದಿಲ್ಲ. ಕಾದಾಡುವ ಅರಸರು ಮಾಡಿಕೊಳ್ಳುವ ಒಡಂಬಡಿಕೆಗೂ ನಾವು ಸಂಧಿ ಎನ್ನುತ್ತೇವೆ. ಷೇಕ್ಸ್‌ಪಿಯರನ ಕೊರಿಯೊಲೇನಸ್ ನಾಟಕದಲ್ಲಿ ಆರ್ಟಿಕ್ಯುಲೇಟ್ ಎಂಬದು ಶತ್ರುಗಳೊಡನೆ ಕರಾರು ಮಾಡಿಕೊಳ್ಳುವದು ಎಂಬ ಅರ್ಥದಲ್ಲಿಯೇ ಬಂದಿದೆ. ಕುಮಾರವ್ಯಾಸನ ಭಾರತದ ಪರ್ವಗಳು ಸಂಧಿಗಳಾಗಿ ವಿಂಗಡವಾಗಿವೆ. ಕರಾರುಗಳೂ ಕಾಯಿದೆಗಳೂ ಆರ್ಟಿಕಲ್‌ಗಳಾಗಿ ವಿಂಗಡವಾಗುತ್ತವೆ. 1950ನೆಯ ಇಸವಿ ಜನವರಿ 26ರಂದು ಜಾರಿಗೆ ಬಂದ ನಮ್ಮ ದೇಶದ ಸಂವಿಧಾನದಲ್ಲಿ ಮೊದಲು ಅಂಥ 395 ಕೀಲುಗಳಿದ್ದವು. ನಾವು ಅವನ್ನು ಅನುಚ್ಛೇದಗಳೆನ್ನುತ್ತೇವೆ. ಅವುಗಳಲ್ಲಿ 19ನೆಯದು ಪ್ರಜೆಗಳಿಗೆ ವಾಕ್ಸ್ವಾತಂತ್ರ್ಯವನ್ನು ಕೊಡುವಂಥಾದ್ದು. ಹಗಲೂ ಇರುಳೂ ಸೇರುವ ಹೊತ್ತು ನಮಗೆ ಸಂಧ್ಯೆ. ಲ್ಯಾಟಿನ್ನಿನಲ್ಲಿಯೂ ಗಳಿಗೆಗೂ ಗಳಿಗೆಗೂ ನಡುವಣ ಕೂಡುಹೊತ್ತಿಗೆ ಆರ್ಟಿಕ್ಯುಲುಸ್ ಎಂಬ ಹೆಸರುಂಟು. ಸಾವಿರಾರು ಹರದಾರಿ ದೂರವಿದ್ದ ಜನರು ಪರಸ್ಪರ ಕೇಳಿಕೊಳ್ಳದೆಯೇ ಒಂದೇ ಹೋಲಿಕೆಯನ್ನು ಹೀಗೆ ಬೆಳೆಸಿದ್ದು ನಮಗೆ ಎಂದಿಗೂ ಬೇಸರ ತಾರದ ಸಂಗತಿ.

ಆದರೂ ಒಂದು ಭೇದವುಂಟು; ಅದೇ ಮುಖ್ಯವಾದದ್ದು. ನಮ್ಮ ಸಂಧಿಯು ಕೂಡಿಸುತ್ತದೆ. ಅವರ ಆರ್ಟಿಕ್ಯುಲೇಷನ್ ಬಿಡಿಸುತ್ತದೆ. ಎರಡು ಅಕ್ಷರಗಳು ಒಂದರೊಳಗೊಂದು ಬೆರೆಯುವದನ್ನು ನಾವು ಕೀಲೆಂದೆವು. ಅಕ್ಷರವು ಅಕ್ಷರದಿಂದ ಬೇರೆಯಾಗಿ ಕೇಳುವದನ್ನು ಅವರು ಕೀಲೆಂದರು. ಯಾರ ಮಾತು ಸರಿ? ಮೊಣಕೈಯನ್ನು ಮಡಿಸಿ ನೋಡಿದರೆ ಇಬ್ಬರದೂ ಸರಿಯೆಂದು ತಿಳಿಯುವದು. ಎರಡು ಎಲುಬುಗಳು ಬೆಸೆದು ಒಂದೇ ಆಗಿಹೋದರೆ ಕೈಯು ಕೊರಡಾಗುವದು. ಪೂರಾ ಬಿಟ್ಟುಹೋದರೆ ಜೋತುಬೀಳುವದು. ಕಂಪ್ಲಿಯ ಕಡೆಯಿಂದ ಬರುವ ಮಕ್ಕಳಿಗೆ ಇದನ್ನು ಕಬ್ಬಿನಲ್ಲಿ ತೋರಿಸುವದು ಸುಲಭ. ಜಲ್ಲೆಯನ್ನು ತುಂಡುತುಂಡಾಗಿ ವಿಂಗಡಿಸುವದು ಗೆಣ್ಣು. ಆ ತುಂಡುಗಳನ್ನೆಲ್ಲ ಒಂದೇ ಜಲ್ಲೆಯಾಗಿ ಹಿಡಿದಿರುವದೂ ಗೆಣ್ಣೇ. ತಿನ್ನುವಾಗ ಹಲ್ಲಿಗೆ ಒಗ್ಗದೆಂದು ಗೆಣ್ಣನ್ನು ಉಗುಳುತ್ತೇವೆ. ನಾಟಿಯ ಕಾಲದಲ್ಲಿ ಮಾತ್ರ ರೈತನಿಗೆ ಬೇಕಾದದ್ದು ಅದೇ. ಕಬ್ಬಿನ ಕಣ್ಣು ಇರುವದು ಗೆಣ್ಣಿನಲ್ಲಿ, ಹೊಸ ಮೊಳಕೆ ಒಡೆಯುವದೂ ಅಲ್ಲಿಯೇ.

ನಮ್ಮ ಸೀಮೆಯ ಊರುಗಳ ಹೆಸರುಗಳಲ್ಲಿಯೇ ಈ ಕೀಲುಗಳು ಕಾಣುತ್ತವೆ. ತೋರಣ ಮತ್ತು ಕಲ್ಲು ಎಂಬ ಎರಡು ಶಬ್ದಗಳು ಕೂಡುವಾಗ ಕ-ಕಾರವು ಗ-ಕಾರವಾಗಿ ತೋರಣಗಲ್ಲು ಆಗುವದು. ಆದೇಶ ಸಂಧಿಗೆ ಪುಸ್ತಕದ ಮಳೆಗಾಲವನ್ನು ಕಾಯಬೇಕಾಗಿಲ್ಲ, ರೈಲು ನಿಲ್ದಾಣದ ಫಲಕವನ್ನು ಓದಿದರೆ ಸಾಕು. ಹೊಸಪೇಟೆಯಾದರೋ ಅದೇ ನಿಯಮಕ್ಕೆ ಜಗ್ಗದೆ ತನ್ನ ಪ-ಕಾರವನ್ನು ಹಾಗೆಯೇ ಉಳಿಸಿಕೊಂಡಿದೆ. ಪಂಪೆಯು ಹಂಪೆಯಾದದ್ದು ಬೇರೊಂದು ಬಗೆ: ಹಳಗನ್ನಡದ ಪಾಲು ಹಾಲಾದಂತೆ, ಪೂವು ಹೂವಾದಂತೆ, ಶಬ್ದದ ಮೊದಲಲ್ಲಿ ಮುಚ್ಚುತ್ತಿದ್ದ ತುಟಿಗಳು ಕ್ರಮೇಣ ಮುಚ್ಚದಾದವು, ಉಸಿರು ಮಾತ್ರ ಉಳಿಯಿತು. ಇನ್ನು ಒಡ್ಡು ಎಂಬ ಮಾತನ್ನು ನಮ್ಮ ಕಡೆಯವರು ವಡ್ಡು ಎನ್ನುತ್ತಾರೆ. ಮೊದಲಿನ ಒ-ಕಾರಕ್ಕೆ ತುಟಿಯನ್ನು ದುಂಡಗೆ ಮಾಡುವ ಆತುರದಲ್ಲಿ ವ-ಕಾರವೊಂದು ತಾನಾಗಿ ಒಳನುಗ್ಗುವದು. ಇದನ್ನು ತಪ್ಪೆಂದು ಕೆಂಪು ಶಾಯಿಯಿಂದ ತಿದ್ದಹೊರಟರೆ, ವಡ್ಡು ಎಂಬ ಊರಿನ ಹೆಸರನ್ನು ನಾಮಫಲಕದಲ್ಲಿ ಓದಿ ಬೆಳೆದ ಮಗುವಿಗೆ ಏನು ಹೇಳೋಣ?

ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ ಧ್ವನಿಶಾಸ್ತ್ರದಲ್ಲಿ ಬಹು ಮೆಚ್ಚಿಗೆಯಾದದ್ದು, ನಮ್ಮ ಅಕ್ಷರಮಾಲೆಯೇ ಬಾಯಿಯ ಒಂದು ನಕ್ಷೆಯೆಂಬ ವಿಷಯ. ಕ, ಚ, ಟ, ತ, ಪ ಎಂದು ಮೆಲ್ಲಗೆ ಹೇಳುತ್ತ ಬಂದರೆ ನಾವು ಗಂಟಲಿನಿಂದ ಹೊರಟು ಅಂಗುಳನ್ನು ದಾಟಿ ಹಲ್ಲುಗಳನ್ನು ಮುಟ್ಟಿ ತುಟಿಗೆ ಬಂದು ಸೇರುತ್ತೇವೆ. ಇಪ್ಪತ್ತೈದು ವರ್ಗೀಯ ವ್ಯಂಜನಗಳೂ ಈ ಐದು ತಾಣಗಳಲ್ಲಿಯೇ ಹುಟ್ಟುವವು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ದೇಹವನ್ನು ವಾದ್ಯಕ್ಕೂ ನಾಲಿಗೆಯನ್ನು ಅದನ್ನು ನುಡಿಸುವ ಕೋಲಿಗೂ ಹೋಲಿಸಿದ್ದಾನೆ. ಇನ್ನೊಂದು ಚೋದ್ಯವನ್ನು ವೈದ್ಯಶಾಸ್ತ್ರವು ಹೇಳುತ್ತದೆ. ಪ್ರಾಯದ ಮನುಷ್ಯನ ಮೈಯಲ್ಲಿ 206 ಎಲುಬುಗಳುಂಟಷ್ಟೆ. ಅವೆಲ್ಲ ಒಂದಿಲ್ಲೊಂದು ಎಲುಬಿನೊಡನೆ ಕೂಡಿಕೊಂಡಿರುವವು. ನಾಲಿಗೆಯ ಬುಡದಲ್ಲಿ, ಗಂಟಲಿನ ಮೇಲ್ಗಡೆಯಲ್ಲಿ, ಕುದುರೆಯ ಲಾಳದ ಆಕಾರದ ಚಿಕ್ಕ ಎಲುಬೊಂದು ಮಾತ್ರ ಬೇರೆ ಯಾವ ಎಲುಬಿಗೂ ತಗಲದೆ ಸ್ನಾಯುಗಳ ತೂಗುಹಗ್ಗದಲ್ಲಿ ನೇತಾಡುತ್ತದೆ. ನಾಲಿಗೆಗೆ ಆಧಾರವಾದ ಎಲುಬಿಗೇ ಕೀಲಿಲ್ಲ! ಎಲುಬಿಲ್ಲದ ನಾಲಿಗೆ ಎಂದು ಹಿರಿಯರು ಬೈಗುಳಾಗಿ ಆಡುವ ಮಾತಿಗೆ ಇದನ್ನೂ ಸೇರಿಸಿಕೊಳ್ಳಬಹುದು. ಅಂತೂ ಮಾತಿನ ಕೀಲುಗಳನ್ನು ಯಾರೂ ಹುಟ್ಟುವಾಗ ತರುವದಿಲ್ಲ. ಅವುಗಳನ್ನು ಉಸಿರಿನಿಂದಲೂ ಅಭ್ಯಾಸದಿಂದಲೂ ಮಾಡಿಕೊಳ್ಳಬೇಕು.

ಈಗ ವಡ್ಡಿನ ಹುಡುಗಿಯ ವಿಷಯ. ಆಕೆಯ ಹೆಸರು ಇಲ್ಲಿ ಬೇಡ. ಒಂದು ಅಂತರಶಾಲಾ ಇಂಗ್ಲೀಷು ಭಾಷಣಸ್ಪರ್ಧೆಗೆ ನಮ್ಮಲ್ಲಿಂದ ಹೋದ ಮೂವರಲ್ಲಿ ಆಕೆಯೂ ಒಬ್ಬಳು. ಬರೆದುಕೊಂಡು ಕಲಿತದ್ದನ್ನು ಅರ್ಧಕ್ಕೆ ಮರೆತು, ನಿಂತು, ಮತ್ತೆ ತಡವರಿಸಿ, ಹೇಗೋ ಮುಗಿಸಿ ಬಂದಳು. ತೀರ್ಪುಗಾರರಲ್ಲಿ ಒಬ್ಬರು ಆಕೆಯ ಕಾಗದದ ಮೇಲೆ ಇನಾರ್ಟಿಕ್ಯುಲಟ್ ಎಂಬ ಒಂದೇ ಶಬ್ದವನ್ನು ಗೀಚಿದ್ದರು. ಹುಡುಗಿಯು ಅದನ್ನು ಮನೆಗೆ ಒಯ್ದಳು. ತಂದೆಯು ನಿಘಂಟಿನಲ್ಲಿ ಹುಡುಕಿಸಿದಾಗ ಮೊದಲು ಕಂಡದ್ದು ಕೀಲಿಲ್ಲದ ಎಂಬ ಅರ್ಥ. ಮರುದಿನವೇ ಆತನು ಕೆಲಸಕ್ಕೆ ರಜೆ ಹಾಕಿ ನಮ್ಮ ಕೊಠಡಿಗೆ ಬಂದು, "ಮೇಡಮ್ಮಾರೇ, ನನ್ನ ಮಗಳಿಗೆ ಕೀಲಿಲ್ಲ ಅಂತ ಬರೆದಾರಲ್ರೀ. ಆಡ್ತಾಳೆ, ಓಡ್ತಾಳೆ, ನೀರಿನ ಕೊಡ ಹೊರ್ತಾಳೆ. ಯಾವ ಡಾಕ್ಟರಿಗೆ ತೋರಿಸ್ಲಿ?" ಎಂದು ಕೇಳಿದನು. ನಗುವಂಥ ಮಾತೇ ಸರಿ. ಆದರೆ ಆತನ ಮುಖವನ್ನು ನೋಡಿದವರಾರೂ ನಗಲಾರರು. ಬಾಗಿಲ ಹೊರಗೆ ನಿಂತಿದ್ದ ಮಗಳಿಗಾದರೋ ಎರಡನೆಯ ಅರ್ಥವು ಚೆನ್ನಾಗಿ ಗೊತ್ತಿತ್ತು. ಅದನ್ನು ತಂದೆಗೆ ಹೇಳಿರಲಿಲ್ಲ, ಅಷ್ಟೇ.

ಆತನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಸುರುಳಿಗಳನ್ನು ಸಾಗಿಸುವ ಟ್ರೇಲರ್ ಲಾರಿಯ ಚಾಲಕನು. ನಾವು ಆತನನ್ನು ಕೂರಿಸಿ, "ನೀವು ನಡೆಸುವ ಗಾಡಿಗೆ ಇಂಗ್ಲೆಂಡಿನಲ್ಲಿ ಏನನ್ನುತ್ತಾರೆ, ಬಲ್ಲಿರಾ? ಆರ್ಟಿಕ್ಯುಲೇಟೆಡ್ ಲಾರಿ ಎನ್ನುತ್ತಾರೆ. ತಲೆಗೂ ಹಿಂದಿನ ಒಡಲಿಗೂ ನಡುವೆ ಕೀಲು ಇರುವದರಿಂದ ಆ ಹೆಸರು," ಎಂದೆವು. ಆತನಿಗೆ ಕೊಂಚ ಸಮಾಧಾನವಾಯಿತು. ಬಳಿಕ ಹುಡುಗಿಯನ್ನು ಒಳಗೆ ಕರೆದು, ಟ್ರೇಲರನ್ನು ಜೋಡಿಸುವದು ಹೇಗೆಂದು ಕೇಳಿದೆವು. ತಂದೆಯ ಜೊತೆಯಲ್ಲಿ ನಿಂತು ಅದನ್ನು ಎಷ್ಟೋ ಸಲ ನೋಡಿದ್ದಳು. ಮೊದಲು ತಲೆಯನ್ನು ನೇರವಾಗಿ ಹಿಂದಕ್ಕೆ ತರಬೇಕು. ಓರೆಯಾದರೆ ಪಿನ್ನು ಕೂರದು. ತಲೆಯ ಮೇಲಿನ ತಟ್ಟೆಯು ಒಡಲಿನ ಕೆಳಗೆ ಸರಿದಾಗ ಪಿನ್ನು ಗಾಡಿಯೊಳಗೆ ಇಳಿದು ಬೀಗವು ಕಚ್ಚಿಕೊಳ್ಳುವ ಸದ್ದು ಕೇಳುವದು. ಸದ್ದನ್ನು ನಂಬಬಾರದು, ಇಳಿದು ಬಗ್ಗಿ ನೋಡಬೇಕು. ಮುಂದಕ್ಕೆ ಮೆಲ್ಲಗೆ ಎಳೆದು ಪರೀಕ್ಷಿಸಬೇಕು. ಆಮೇಲೆ ಗಾಳಿಯ ಕೊಳವೆಗಳನ್ನೂ ದೀಪದ ತಂತಿಯನ್ನೂ ಸಿಕ್ಕಿಸಬೇಕು. ಎಲ್ಲಕ್ಕೂ ಕಡೆಗೆ ಒಡಲನ್ನು ಹೊತ್ತು ನಿಂತ ಕಾಲುಗಳನ್ನು ಮೇಲಕ್ಕೆತ್ತಬೇಕು. ಮೊದಲೇ ಎತ್ತಿದರೆ ಏನಾಗುವದೆಂದು ಕೈಯಿಂದ ತೋರಿಸಿದಳು. ಶ-ಕಾರಗಳೆಲ್ಲ ಸ-ಕಾರಗಳಾಗಿದ್ದವು, ಮಹಾಪ್ರಾಣ ಒಂದೂ ಇರಲಿಲ್ಲ. ಆದರೆ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವಣ ಕೀಲು ಎಲ್ಲಿದೆಯೆಂಬದು ಅಷ್ಟು ನಿಚ್ಚಳವಾಗಿ ನಮಗೆ ತಿಳಿದದ್ದು ಅಪರೂಪ. ಟ್ರೇಲರಿನ ಹತ್ತಿರ ಸುಳಿಯದ ನಾವು ಅಂದಿನಿಂದ ಅದನ್ನು ಜೋಡಿಸುವ ಕ್ರಮವನ್ನು ಮರೆತಿಲ್ಲ. ಆಕೆಯನ್ನು ಯಾವ ನ್ಯಾಯದಿಂದ ಕೀಲಿಲ್ಲದವಳೆನ್ನೋಣ?

ನಾಲಿಗೆಯನ್ನು ನೋಡಿ ಮನುಷ್ಯನನ್ನು ಅಳೆಯುವದು ಹೊಸದೇನೂ ಅಲ್ಲ. ಸತ್ಯವೇದದ ನ್ಯಾಯಸ್ಥಾಪಕರು ಎಂಬ ಪುಸ್ತಕದ ಹನ್ನೆರಡನೆಯ ಅಧ್ಯಾಯದಲ್ಲಿ ಅದರ ಅತಿ ಘೋರವಾದ ಕಥೆಯಿದೆ. ಸೋತು ಓಡಿಬರುತ್ತಿದ್ದ ಎಫ್ರಾಯೀಮ್ಯರನ್ನು ಗುರುತುಹಿಡಿಯಲು ಗಿಲ್ಯಾದ್ಯರು ಯೊರ್ದನ್ ಹೊಳೆಯ ಹಾಯ್ಗಡದಲ್ಲಿ ಕಾದು ನಿಂತರು. ದಾಟಬಂದವನಿಗೆ ಷಿಬ್ಬೋಲೆತ್ ಎಂಬ ಶಬ್ದವನ್ನು ನುಡಿಯಲು ಹೇಳಿದರು. ಆ ಅಕ್ಷರವು ಎಫ್ರಾಯೀಮ್ಯರ ನಾಲಿಗೆಗೆ ಬಾರದೆ ಸಿಬ್ಬೋಲೆತ್ ಎಂದಾಗುತ್ತಿತ್ತು. ಹಾಗೆಂದವನನ್ನು ಅಲ್ಲಿಯೇ ಕೊಂದರು. ಬಿದ್ದವರು 42,000 ಮಂದಿಯೆಂದು ಲೆಕ್ಕ. ಆ ಶಬ್ದಕ್ಕೆ ತೆನೆಯೆಂಬ ಅರ್ಥವುಂಟು. ಜೋಳದ ತೆನೆಯನ್ನು ಬಲ್ಲ ನಮ್ಮ ಮಕ್ಕಳಲ್ಲಿ ಶ-ಕಾರವನ್ನು ಸ-ಕಾರವಾಗಿ ನುಡಿಯುವವರು ಎಷ್ಟು ಮಂದಿಯೆಂದು ಎಣಿಸಿದರೆ, ಆ ಹಾಯ್ಗಡವನ್ನು ದಾಟುವವರು ನಮ್ಮ ಶಾಲೆಯಲ್ಲಿ ಬಹಳವಿರಲಾರರು.

ಹಾಗೆಂದು ಉಚ್ಚಾರಣೆಯನ್ನು ನಾವು ಅಲಕ್ಷ್ಯ ಮಾಡುವವರಲ್ಲ. ಹಳೆಯ ವಿದ್ಯಾರ್ಥಿನಿಯರು ಇದಕ್ಕೆ ಸಾಕ್ಷಿ ಹೇಳಿಯಾರು. ಉರ್ದು ಮನೆಮಾತಿನವರಿಗೆ ಣ-ಕಾರ ಳ-ಕಾರಗಳು ಒಗ್ಗುವದಕ್ಕೆ ಕಾಲ ಬೇಕು. ತೆಲುಗು ಮನೆಗಳಿಂದ ಬಂದವರ ಚ-ಕಾರ ಜ-ಕಾರಗಳು ಕೆಲವೆಡೆ ಹಲ್ಲಿನ ಕಡೆಗೆ ಸರಿದಿರುವವು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಪ ಎಂದೂ ಫ ಎಂದೂ ಹೇಳಿ ಉಸಿರಿನ ಭೇದವನ್ನು ತಿಳಿಯುವದು, ಕನ್ನಡಿಯ ಎದುರು ನಿಂತು ನಾಲಿಗೆಯನ್ನು ಮೇಲಕ್ಕೆ ಮಡಿಸಿ ಳ-ಕಾರವನ್ನು ನುಡಿಯುವದು, ಇವೆಲ್ಲ ನಮ್ಮಲ್ಲಿ ಈಗಲೂ ನಡೆಯುತ್ತವೆ. ಬೇನೆಯನ್ನು ವೈದ್ಯರಿಗೆ ಹೇಳಿಕೊಳ್ಳುವಾಗಲೂ ಕಚೇರಿಯಲ್ಲಿ ತನ್ನ ಹಕ್ಕನ್ನು ಕೇಳುವಾಗಲೂ ಮಾತು ತೊದಲಿದರೆ ಹೆಣ್ಣುಮಕ್ಕಳಿಗೆ ಆಗುವ ನಷ್ಟವನ್ನು ನಾವು ಕಂಡಿದ್ದೇವೆ. ಆದರೆ ಕಬ್ಬು ಡೊಂಕಾದರೆ ಸವಿಯೂ ಡೊಂಕೇ ಎಂಬ ಗಾದೆಯನ್ನು ತೀರ್ಪುಗಾರರು ಮರೆಯಬಾರದಾಗಿತ್ತು.

ಇಂಗ್ಲೀಷಿನವರೂ ಈ ಶಬ್ದವನ್ನು ಹೊಗಳಿಕೆಯಾಗಿ ಬಳಸುವಾಗ ಉಚ್ಚಾರಣೆಯ ಶುದ್ಧಿಯನ್ನಷ್ಟೇ ಎಣಿಸುವದಿಲ್ಲ. ಮನಸ್ಸಿನಲ್ಲಿರುವದನ್ನು ಎಳೆಎಳೆಯಾಗಿ ತೆಗೆದು ಇದಿರಿನವರ ಕೈಗೆ ಕೊಡಬಲ್ಲವನು ಎಂಬದೇ ಅದರ ಅರ್ಥ. ಆದಕಾರಣ ಇದಕ್ಕೆ ಉಚ್ಚರಿಸು ಎಂಬ ಭಾಷಾಂತರವು ಸಾಲದೆಂದು ನಮ್ಮ ಅಭಿಪ್ರಾಯ. ಸರಿಯಾದ ಮಾತು ನಮ್ಮ ಅಡಿಗೆಮನೆಗಳಲ್ಲಿಯೇ ಇದೆ. ಅಳುತ್ತ ಬಂದ ಮಗುವಿಗೆ ತಾಯಿಯು "ಬಿಡಿಸಿ ಹೇಳವ್ವಾ" ಎನ್ನುತ್ತಾಳೆ. ಬಿಡಿಸು ಎಂಬ ಈ ಒಂದು ಕ್ರಿಯಾಪದದಿಂದ ನಮ್ಮ ಹೆಂಗಸರು ಎಷ್ಟು ಕೆಲಸ ತೆಗೆಯುತ್ತಾರೆ! ಹೊಲದಲ್ಲಿ ಹತ್ತಿ ಬಿಡಿಸುತ್ತಾರೆ, ಜಗಲಿಯಲ್ಲಿ ಶೇಂಗಾ ಬಿಡಿಸುತ್ತಾರೆ, ದಾರದ ಗಂಟನ್ನು ಬಿಡಿಸುತ್ತಾರೆ, ಜಗಳವಾಡುವವರನ್ನು ಬಿಡಿಸುತ್ತಾರೆ, ಮಕ್ಕಳು ಲೆಕ್ಕ ಬಿಡಿಸುತ್ತಾರೆ, ಒಗಟು ಬಿಡಿಸುತ್ತಾರೆ. ಎಲ್ಲಿಯೂ ಅದು ಹರಿಯುವದಲ್ಲ, ಮುರಿಯುವದಲ್ಲ. ಕೂಡಿದ ಜಾಗವನ್ನು ಕಂಡುಕೊಂಡು ಅಲ್ಲಿ ಬೆರಳಿಡುವದು. ಬಿಡಿಸಿ ಹೇಳು ಎಂದರೆ ಆರ್ಟಿಕ್ಯುಲೇಟ್ ಮಾಡು ಎಂದೇ. ಇನ್ನು ಬಿಡಿಸಿ ಹೇಳಲಾರದ ಮಗುವಿಗೆ ನಮ್ಮ ತಾಯಂದಿರು ಹೆಸರಿಡುವದಿಲ್ಲ. "ಅಳು ನಿಲ್ಲಲಿ, ಆಮೇಲೆ ಹೇಳುವಿಯಂತೆ" ಎಂದು ಕಾಯುತ್ತಾರೆ.

ಆ ಹುಡುಗಿಯ ಮೌನವು ಒಂದೇ ದಿನದಲ್ಲಿ ಬಿಡಲಿಲ್ಲ. ತಂದೆಯು ಬಂದುಹೋದ ಮೇಲೂ ಆಕೆ ತರಗತಿಯಲ್ಲಿ ಎದ್ದು ಉತ್ತರ ಹೇಳಲು ಹಿಂಜರಿಯುತ್ತಿದ್ದಳು. ವಿಜ್ಞಾನದ ಉಪಾಧ್ಯಾಯಿನಿಯವರು ಎಲುಬುಗಳ ಪಾಠಕ್ಕೆ ಬಂದಾಗ ಮೊಣಕೈಯ ಕೀಲಿನ ಮಾದರಿಯನ್ನು ಮಾಡಿ ತರುವ ಕೆಲಸವನ್ನು ಆಕೆಗೆ ವಹಿಸಿದರು. ಬಿದಿರಿನ ಎರಡು ತುಂಡು, ಸೈಕಲ್ಲಿನ ಟ್ಯೂಬಿನ ರಬ್ಬರು, ಒಂದು ಮೊಳೆ ಇಷ್ಟರಿಂದಲೇ ಮಾಡಿ ತಂದಳು. ಮಾಡಿದವಳೇ ಅದನ್ನು ತೋರಿಸಿ ಹೇಳಬೇಕಾಯಿತು. ಮೊದಲು ಕನ್ನಡದಲ್ಲಿ, ಒಂದು ವಾರದ ನಂತರ ಇಂಗ್ಲೀಷಿನಲ್ಲಿ. ಇಂಗ್ಲೀಷಿನಲ್ಲಿ ಹೇಳುವಾಗ ದಿ ಎಂಬ ಆರ್ಟಿಕಲ್‌ಗಳನ್ನೆಲ್ಲ ಬಿಟ್ಟುಬಿಟ್ಟಳು. ಅವನ್ನು ಸೇರಿಸುವ ಕೆಲಸ ಈಗ ನಡೆದಿದೆ.

ಅಂದಿನಿಂದ ನಮ್ಮ ಕೊಠಡಿಯಲ್ಲಿ ಒಂದು ನೋಟ್‌ಬುಕ್ಕನ್ನು ಇಟ್ಟಿದ್ದೇವೆ. ಕೀಲಿಗೂ ಕೂಡಿಕೆಗೂ ನಮ್ಮ ಮನೆಗಳಲ್ಲಿರುವ ಮಾತುಗಳನ್ನು ಮಕ್ಕಳು ಅದರಲ್ಲಿ ಬರೆಯುತ್ತಾರೆ. ಗೆಣ್ಣು, ಗಿಣ್ಣು, ಗಂಟು, ಬೆಸುಗೆ, ಸಂದು ಎಂಬವೆಲ್ಲ ಈಗಾಗಲೇ ಬಂದಿವೆ. ಹೊಸಪೇಟೆಯ ಮಗುವೊಂದು, ತಮ್ಮ ಮನೆಗೂ ಪಕ್ಕದ ಮನೆಗೂ ನಡುವಣ ಇಕ್ಕಟ್ಟಾದ ಓಣಿಗೆ ಸಂದಿ ಎನ್ನುವರೆಂದು ಬರೆದು, ಇದೂ ವ್ಯಾಕರಣದ ಸಂಧಿಯೇ ಎಂದು ಕೇಳಿದೆ. ಹೌದು, ಅದೇ. ಲಂಬಾಣಿ, ತೆಲುಗು, ಉರ್ದು ಮನೆಮಾತಿನ ಪುಟಗಳು ಇನ್ನೂ ಹೆಚ್ಚು ಕಡಿಮೆ ಬರಿದಾಗಿವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಿಗಾದರೂ ಅಜ್ಜಿಯರ ಬಾಯಿಯ ಮಾತುಗಳು ನೆನಪಿದ್ದರೆ ಒಂದು ಕಾರ್ಡಿನಲ್ಲಿ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಬೇಕಾಗಿ ಕೋರುತ್ತೇವೆ. ಕಾಗುಣಿತವನ್ನು ನೋಡುವದಿಲ್ಲ.